ಮಗನ್ನ ದಾವಣಗೆರೆಗೆ ಕಳಿಸಿದ್ರೆ ಗೇಮ್ ಬಿಡ್ತಾನಾ?

ಅಕ್ಕ, ಸದಾ ಗೇಮ್ ಆಡೋ ಮಗನ್ನ ವಿದೇಶದಿಂದ ಕಳಿಸಿ ದಾವಣಗೆರೆ ಅಜ್ಜಿ ಮನೇಲಿ ಒಂದು ವರ್ಷ ಬಿಟ್ರೆ ಸರಿಹೋಗ್ತಾನೆ ಅಂತ ಬರ್ದಿದೀರಲ್ಲ, ನಾವು ನ್ಯೂಜೆರ್ಸಿ ಬಿಟ್ಟು ಇಲ್ಲಿ ವಿದ್ಯಾನಗರದಲ್ಲಿ ಮನೆ ಮಾಡಿರೋದ್ರಿಂದ ಹೇಳ್ತೀನಿ, ದಾವಣಗೆರೇಲೇನು ನೆಟ್ ಇಲ್ವಾ? ಬೆಣ್ಣೆ ದೋಸೆ ಬರೋ ತನಕ ಹೋಟ್ಲು ತುಂಬಾ ಹುಡುಗ್ರು ತಲೆ ಬಗ್ಸಿ ರೀಲ್ಸ್ ನೋಡ್ತಿರ್ತಾರೆ, ಅವರಪ್ಪಂದಿರೂ ಅಷ್ಟೇ ಬಿಡಿ.

ಎಷ್ಟು ಗಂಟೆ ಆಡ್ತಾನೆ ಅಂತ ಬರ್ದಿದೀರ, ಯಾರ ಜೊತೆ ಆಡ್ತಾನೆ ಅಂತ ಬರ್ದಿಲ್ಲ. ನಮ್ಮ ಹುಡುಗ ಇಲ್ಲಿಗೆ ಬಂದ ಹೊಸದ್ರಲ್ಲಿ ಕ್ಲಾಸಲ್ಲಿ ಅವನ ಕನ್ನಡ ಕೇಳಿ ನಗೋರು, ಕ್ರಿಕೆಟ್ ಬರಲ್ಲ ಅಂತ ಟೀಮಿಗೆ ಸೇರಿಸ್ತಿರ್ಲಿಲ್ಲ, ಗೇಮಲ್ಲಿ ಮಾತ್ರ ಅವನೇ ಲೀಡರ್. ನ್ಯೂಜೆರ್ಸಿಯ ಹಳೇ ಫ್ರೆಂಡ್ಸ್ ಅಲ್ಲಿ ಮಧ್ಯಾಹ್ನ ಸ್ಕೂಲ್ ಮುಗಿಸಿ ಆನ್‌ಲೈನ್ ಬರೋ ಹೊತ್ತಿಗೆ ಇಲ್ಲಿ ರಾತ್ರಿ 12 ದಾಟಿರುತ್ತೆ, ಅದಕ್ಕೇ ನಿದ್ದೆಗೆಡೋದು. ಡೆಸಿ, ರಯಾನ್ ಅಂತ ಇಬ್ರು ಮನಶ್ಶಾಸ್ತ್ರಜ್ಞರು ಹೇಳೋ ಪ್ರಕಾರ ಮನುಷ್ಯನಿಗೆ ಮೂರು ಬೇಕು: ತನ್ನ ವಿಷ್ಯ ತಾನೇ ನಿರ್ಧಾರ ಮಾಡೋದು, ಏನಾದ್ರೂ ಒಂದು ಚೆನ್ನಾಗಿ ಬರೋದು, ತನ್ನೋರು ಅನ್ನೋರು ಇರೋದು. ದೇಶ ಬದಲಾಯಿಸಿದ ಹುಡುಗನಿಗೆ ಮೂರೂ ಒಂದೇ ಸಲ ಕೈತಪ್ಪುತ್ತೆ, ಗೇಮಲ್ಲಿ ಮೂರೂ ಸಿಗುತ್ತೆ, ಇನ್ನು ಬಿಡು ಅಂದ್ರೆ ಹೆಂಗೆ ಬಿಡ್ತಾನೆ ಹೇಳಿ.

ಹಂಗಂತ ಆಪ್ ಮಾಡಿರೋರು ಸಾಚಾಗಳೇನಲ್ಲ. ಲೈಕು, ರಿವಾರ್ಡು ಯಾವಾಗ ಬರುತ್ತೋ ಗೊತ್ತಿಲ್ಲದಂಗೆ ಇಟ್ಟಿರ್ತಾರೆ, ಇಸ್ಪೀಟಿಗೆ ಕೂತೋನು ಇನ್ನೊಂದೇ ಆಟ ಅಂತ ಏಳದೇ ಇರೋದೂ ಇದರಿಂದಾನೇ. ಸಾಕು ಅಂತ ತಡೆಯೋ ಮೆದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಸುಮಾರು 25 ವರ್ಷ ಬೇಕು, ನಿಮ್ಮ ಮಗನಿಗಿನ್ನೂ 14.

ಚಟ ಅನ್ನೋ ಪದ ಮಾತ್ರ ಈಗ್ಲೇ ಬೇಡ. 2022ರಿಂದ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟೀಲಿ ಗೇಮಿಂಗ್ ಡಿಸಾರ್ಡರ್ ಇದೆ ನಿಜ, ಆದ್ರೆ ಹಿಡಿತ ತಪ್ಪಿ, ಓದು, ಸಂಬಂಧ ಎಲ್ಲಾ ಕೆಡ್ತಿದ್ರೂ ಬಿಡಕ್ಕಾಗದೆ, ಅದೂ ಸಾಮಾನ್ಯವಾಗಿ 12 ತಿಂಗಳು ಹಂಗೇ ಇದ್ರೆ ಮಾತ್ರ. ಎಷ್ಟೋ ಸಲ ಅಡೀಲಿ ಆತಂಕನೋ ಖಿನ್ನತೆನೋ ಎಡಿಎಚ್‌ಡಿನೋ (ಒಂದು ಕಡೆ ಗಮನ ನಿಲ್ಲದ ತೊಂದರೆ) ಇರುತ್ತೆ. ಊಟ ನಿದ್ದೆ ಬಿಟ್ಟು ಯಾರ ಹತ್ರಾನೂ ಮಾತಾಡ್ತಿಲ್ಲ ಅಂದ್ರೆ ಅಲ್ಲೇ ಡಾಕ್ಟ್ರಿಗೆ ತೋರಿಸಿ. ಇಂಡಿಯಾಗೆ ಬಂದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ.

ಟಿಕೆಟ್ ಮಾಡ್ಸೋಕೆ ಮುಂಚೆ ಅವನನ್ನೊಂದು ಮಾತು ಕೇಳ್ರಿ. ಬರ್ತೀನಿ ಅಂದ್ರೆ ತಿಳಿಸಿ, ನಮ್ಮೋನು ಶನಿವಾರ ಷಟಲ್‌ಗೆ ಹೋಗ್ತಾನೆ, ಜೊತೇಲಿ ಕರ್ಕೊಂಡು ಹೋಗ್ತಾನೆ.