ಪುಟ್ಟನ ಮಂಡಿ, ದೊಡ್ಡಪ್ಪನ ಫಾರ್ವರ್ಡ್

'ಮನಸ್ಸು ಆಟದಲ್ಲಿ ಇಲ್ಲದಿದ್ದರೆ ಮಂಡಿ ಹೋಗುವುದು ಖಚಿತ! ವಿಜ್ಞಾನಿಗಳೇ ಹೇಳಿದ್ದಾರೆ! ಎಲ್ಲರಿಗೂ ಕಳಿಸಿ!'

ಬೆಳಗ್ಗೆ ದೊಡ್ಡಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ ಫಾರ್ವರ್ಡ್ ಇದು. ಕೆಳಗೆ ಅವರದೇ ಒಂದು ಸಾಲು: 'ಕೆಲವರು ಓದಿಕೊಳ್ಳಲಿ.' ಆ ಕೆಲವರು ಅಂದರೆ ಪುಟ್ಟ. ಫುಟ್‌ಬಾಲ್ ಆಡುವಾಗ ಮಂಡಿಯ ಎಸಿಎಲ್ (ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುನಾರು) ಹರಿದುಕೊಂಡು ಆಪರೇಷನ್ ಮಾಡಿಸಿಕೊಂಡವನು ಮನೆಯಲ್ಲಿ ಅವನೊಬ್ಬನೇ.

ಚಿಕ್ಕಪ್ಪ: ಯಾವ ವಿಜ್ಞಾನಿ ಅಣ್ಣಾ? ಹೆಸರು? ವರ್ಷ?

ದೊಡ್ಡಪ್ಪ: ಎಲ್ಲದಕ್ಕೂ ಪುರಾವೆ ಕೇಳಬಾರದು. ಅನುಭವ ಅಂತ ಒಂದಿದೆ. ಈಗಿನ ಹುಡುಗರ ತಲೆ ಮೊಬೈಲಲ್ಲಿ, ಕಾಲು ಮೈದಾನದಲ್ಲಿ.

ಚಿಕ್ಕಪ್ಪ: ಪಾಲುಪತ್ರಕ್ಕೆ ಸಹಿ ಹಾಕುವಾಗಲೂ ನೀನು ಇದನ್ನೇ ಹೇಳಿದ್ದೆ. ಓದಬೇಡ, ಅನುಭವ ಇದೆ ಅಂತ.

(ಪಾಲುಪತ್ರ ಬಂತು ಅಂದರೆ ಅರ್ಧ ದಿನ ಹೋಯ್ತು. ನಮ್ಮ ಪುಣ್ಯ, ಅಕ್ಕ ಆನ್‌ಲೈನ್ ಇದ್ದಳು. ಅವಳು ಫಿಸಿಯೋ.)

ಅಕ್ಕ: ವಿಷಯ ಪೂರ್ತಿ ಸುಳ್ಳಲ್ಲ ಚಿಕ್ಕಪ್ಪ. 2007ರಲ್ಲಿ ಸ್ವಾನಿಕ್ ಅನ್ನೋ ಸಂಶೋಧಕರು ಮತ್ತು ಜೊತೆಯವರು ಅಮೆರಿಕದ ಕಾಲೇಜು ಆಟಗಾರರನ್ನು ನೋಡಿದರು. ಯಾರೂ ಗುದ್ದದೆ ಎಸಿಎಲ್ ಹರಿದುಕೊಂಡವರು 80 ಜನ, ಗಾಯ ಆಗದವರು 80 ಜನ. ಗಾಯಕ್ಕೆ ಮೊದಲೇ ತೆಗೆದುಕೊಂಡ ಗಮನ-ನೆನಪಿನ ಪರೀಕ್ಷೆಯಲ್ಲಿ ಮೊದಲ ಗುಂಪಿನವರ ಪ್ರತಿಕ್ರಿಯೆ ನಿಧಾನ ಇತ್ತು. ಆದರೆ 'ಖಚಿತ' ಅಂತ ಯಾರೂ ಹೇಳಿಲ್ಲ.

ದೊಡ್ಡಪ್ಪ: ನೋಡಿದಿರಾ! ನಾನು ಹೇಳಿದ್ದೂ ಅದೇ.

ಅಕ್ಕ: ಅಲ್ಲ ದೊಡ್ಡಪ್ಪ. ನೀವು ಹೇಳಿದ್ದು ಮೊಬೈಲ್.

ಅತ್ತೆ: ಮಾತಾಡ್ತಾ ನಡೆಯೋದು ಅಂದ ಕೂಡಲೇ ಅಮ್ಮನ ನೆನಪಾಯ್ತು. ನಡೆಯುವಾಗ ಏನಾದರೂ ಕೇಳಿದರೆ ನಿಂತುಬಿಡೋಳು. ನಿಂತೇ ಉತ್ತರ ಕೊಡೋಳು. ಎಂಥಾ ದಿನಗಳು ಅವು.

(ಮಾತಾಡ್ತಾ ನಡೆಯೋದು ಅಂತ ಯಾರೂ ಅಂದಿರಲಿಲ್ಲ.)

ಅಕ್ಕ: ಅತ್ತೆ, ಅದೂ ಇದಕ್ಕೇ ಸೇರಿದ್ದು. ಮಾತಾಡಿಸಿದಾಗ ನಡಿಗೆ ನಿಲ್ಲಿಸುವ ವಯಸ್ಸಾದವರು ಬೀಳುವುದು ಜಾಸ್ತಿ ಅಂತ 1997ರಲ್ಲೇ ಸ್ವೀಡನ್‌ನವರು ಬರೆದಿದ್ದಾರೆ. ಎರಡು ಕೆಲಸಕ್ಕೆ ಗಮನ ಸಾಲುವುದಿಲ್ಲ.

ಅತ್ತೆ: ಅಮ್ಮ ಬಿದ್ದ ದಿನ ಮನೆಯಲ್ಲಿ ಯಾರಿದ್ದರು ಅಂತ ನಾನು ಹೇಳಲ್ಲ.

ಚಿಕ್ಕಪ್ಪ: ಹೇಳು. ನಾನಿದ್ದೆ. ನಾನೊಬ್ಬನೇ ಇದ್ದೆ.

ಆಮೇಲೆ ಹದಿನೈದು ನಿಮಿಷ ಏನೇನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ವಾಯ್ಸ್ ಮೆಸೇಜ್ ಡಿಲೀಟ್ ಆದವು.

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ಆಡುವಾಗ ಗಮನ ಕಾಲಿನ ಮೇಲೇ ಇರಬೇಕು. ಅಷ್ಟೇ.

ಅಕ್ಕ: ಅದೂ ತಪ್ಪೇ. ಪಳಗಿದ ಆಟಗಾರರಿಗೆ ಕಾಲನ್ನೇ ಗಮನಿಸು ಅಂದರೆ ಚೆಂಡು ಹೊಡ್ಕೊಂಡು ಹೋಗೋದು ನಿಧಾನ ಆಗುತ್ತೆ. ಎಸಿಎಲ್ ಹರಿಯೋದು ಕಾಲು ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿಗೆ. ಅಷ್ಟರಲ್ಲಿ ಯೋಚಿಸಿ ಸರಿ ಮಾಡ್ಕೊಳ್ಳೋಕೆ ಟೈಮೇ ಇಲ್ಲ. ಸ್ನಾಯು ಮೊದಲೇ ರೆಡಿ ಇರಬೇಕು. ಓಡುತ್ತಿರುವವನಿಗೆ ಯಾವ ಕಡೆ ತಿರುಗಬೇಕು ಅಂತ ಕೊನೇ ಗಳಿಗೆಯಲ್ಲಿ ಗೊತ್ತಾದರೆ, ಅದಕ್ಕೇ ಮಂಡಿ ತಿರುಚುವ ಭಾರ ಜಾಸ್ತಿ ಬೀಳುತ್ತೆ. ಇದನ್ನು ಲ್ಯಾಬಿನಲ್ಲಿ ಅಳೆದಿದ್ದಾರೆ.

ಇಷ್ಟು ಹೊತ್ತು ಸುಮ್ನಿದ್ದ ಪುಟ್ಟ ಆಗ ಟೈಪ್ ಮಾಡತೊಡಗಿದ.

ಪುಟ್ಟ: ಕೊನೇ ಗಳಿಗೆ ಅಂದರೆ? ಪಕ್ಕದಿಂದ ಯಾರಾದರೂ ಕೂಗಿದರೂ ಲೆಕ್ಕನಾ?

ಅಕ್ಕ: ಲೆಕ್ಕಾನೇ. ಯಾಕೆ?

ಪುಟ್ಟ: ನನ್ನ ಮೊಬೈಲ್ ಬ್ಯಾಗಿನಲ್ಲಿತ್ತು. ನಾನು ಓಡ್ತಿದ್ದಾಗ ಗೆರೆ ಹೊರಗಡೆ ನಿಂತು 'ತಿರುಗೋ, ತಿರುಗೋ' ಅಂತ ಕೂಗಿದ್ದು ದೊಡ್ಡಪ್ಪ.

ಚಿಕ್ಕಪ್ಪ ಒಂದು ನಗುವ ಮುಖ ಹಾಕಿದರು. ಇನ್ನೊಂದು ಹಾಕಿದರು. ಅವರು ಪುರಾವೆ ಕೇಳದೆ ಒಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ದೊಡ್ಡಪ್ಪ: ನಾನು ಕೂಗಿದ್ದು 'ಎಡಕ್ಕೆ ತಿರುಗೋ' ಅಂತ. ಅವನು ತಿರುಗಿದ್ದು ಬಲಕ್ಕೆ. ಹಿರಿಯರ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ.

ಅತ್ತೆ: ದೊಡ್ಡಣ್ಣಾ, ನೀನು ಕೂಗಿದ್ದು ಬಲಕ್ಕೆ ಅಂತಾನೇ. ನಾನು ಪಕ್ಕದಲ್ಲೇ ಇದ್ದೆ.