ಗಟ್ಟಿ ಪೆಟ್ಟಿನ ಬೆನ್ನಿಗೇ ಘೋಸ್ಟ್ ನೋಟ್ ನುಡಿಸುವುದು ಹೇಗೆ?

ಪ್ರಶ್ನೆ:
ನಾನು ಎರಡು ವರ್ಷಗಳಿಂದ ಡ್ರಮ್ಸ್ ಕಲಿಯುತ್ತಿದ್ದೇನೆ. ಸಂಗೀತ ಲಿಪಿಯಲ್ಲಿ ಆವರಣ ಚಿಹ್ನೆಯೊಳಗೆ ಬರೆಯುವ, ಅತಿ ಮೆಲ್ಲನೆಯ ಪೆಟ್ಟುಗಳಾದ ಘೋಸ್ಟ್ ನೋಟ್‌ಗಳನ್ನು ಸ್ನೇರ್ (ಕೆಳಭಾಗದಲ್ಲಿ ತಂತಿಗಳಿರುವ ಡ್ರಮ್) ಮೇಲೆ ಎಡಗೈಯಿಂದ ನುಡಿಸಲು ಹೊರಟರೆ, ಒಂದೋ ಅವು ಜೋರಾಗಿಬಿಡುತ್ತವೆ, ಇಲ್ಲವೇ ಎರಡನೆಯ ಮತ್ತು ನಾಲ್ಕನೆಯ ಬೀಟಿನ ಗಟ್ಟಿ ಪೆಟ್ಟೇ ಸೊರಗುತ್ತದೆ. ಕೈಯ ಬಲ ತಗ್ಗಿಸಿದರೆ ಲಯ ಜಾರುತ್ತದೆ. ಕೇಳಿಯೂ ಕೇಳಿಸದಂತಿರುವ ಈ ಪೆಟ್ಟುಗಳಿಗೆ ಇಷ್ಟು ಶ್ರಮ ಅಗತ್ಯವೇ?

ಮೊದಲ ಉತ್ತರ:
ನೀವು ಬಲವನ್ನು ತಗ್ಗಿಸುತ್ತಿದ್ದೀರಿ. ತಗ್ಗಿಸಬೇಕಾದದ್ದು ಕೋಲಿನ ಎತ್ತರವನ್ನು. ಕೋಲಿನ ತುದಿ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಮೇಲಿಂದ ತನ್ನ ಭಾರಕ್ಕೆ ತಾನೇ ಬಿದ್ದರೆ ಸಾಕು, ಅದೇ ಘೋಸ್ಟ್ ನೋಟ್. ನಿಜವಾದ ಕಷ್ಟವಿರುವುದು ಅದರ ಹಿಂದಿನ ಪೆಟ್ಟಿನಲ್ಲಿ: ಗಟ್ಟಿಯಾಗಿ ಹೊಡೆದ ಕೋಲು ಪುಟಿದು ಮೇಲೇರುತ್ತದೆ, ಆ ಎತ್ತರದಿಂದ ಬಂದ ಮುಂದಿನ ಪೆಟ್ಟು ಮೆಲ್ಲಗಾಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಗಟ್ಟಿ ಪೆಟ್ಟು ಬಿದ್ದ ಕ್ಷಣದಲ್ಲಿ ಹಿಂಬೆರಳುಗಳನ್ನು ತುಸು ಮುಚ್ಚಿ ಕೋಲನ್ನು ಕೆಳಗೇ ತಡೆದು, ಕೂಡಲೇ ಹಿಡಿತ ಸಡಿಲಿಸಬೇಕು. ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟು, ಒಂದು ಬೀಟಿಗೆ ಒಂದು ‘ತಕಧಿಮಿ’ಯಂತೆ ಬಾಯಲ್ಲಿ ಹೇಳುತ್ತಾ, ‘ತ’ಕ್ಕೆ ಗಟ್ಟಿ ಪೆಟ್ಟು, ‘ಕ’ಕ್ಕೆ ಮೆಲುಪೆಟ್ಟು ಹಾಕಿ, ಉಳಿದೆರಡು ಅಕ್ಷರಗಳಲ್ಲಿ ಕೈಯನ್ನು ನಿಧಾನವಾಗಿ ಎತ್ತಿಕೊಳ್ಳಿ. ನನಗೆ ಈ ಒಂದು ಸಾಧನೆಯೇ ತಿಂಗಳುಗಟ್ಟಲೆ ಹಿಡಿಯಿತು.

ಎರಡನೆಯ ಉತ್ತರ:
ಶ್ರಮ ಖಂಡಿತ ಸಾರ್ಥಕ. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡ ಧ್ವನಿಮುದ್ರಿಸಿದ ‘ಫಂಕಿ ಡ್ರಮ್ಮರ್’ನಲ್ಲಿ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ನುಡಿಸುವ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮುಂದೆ ಹಿಪ್-ಹಾಪ್ ಕಲಾವಿದರು ತಮ್ಮ ಹಾಡುಗಳಿಗೆ ಮತ್ತೆ ಮತ್ತೆ ಎತ್ತಿಕೊಂಡ ಭಾಗ ಅದು. ಬಲಗೈ ಹೈ-ಹ್ಯಾಟಿನ (ಜೋಡಿ ತಾಳದ) ಮೇಲೆ ಒಂದೇ ಸಮ ಓಡುತ್ತಿದ್ದರೆ, ಗಟ್ಟಿ ಪೆಟ್ಟುಗಳ ನಡುವೆ ಎಡಗೈ ಸ್ನೇರನ್ನು ಸವರುತ್ತಿರುತ್ತದೆ. ಆ ಸವರುವಿಕೆಯನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಎಲುಬುಗೂಡು. ಇನ್ನೊಂದು ಮಾತು: ಸ್ನೇರ್ ಕೆಳಗಿನ ತಂತಿಗಳನ್ನು ಅತಿಯಾಗಿ ಬಿಗಿದಿದ್ದರೆ ಮೆಲುಪೆಟ್ಟಿಗೆ ಅವು ಮಿಡಿಯುವುದೇ ಇಲ್ಲ. ಕೈಯನ್ನು ದೂರುವ ಮೊದಲು ಆ ತಿರುಪನ್ನು ಸ್ವಲ್ಪ ಸಡಿಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ತಂತಿ ನಿಜಕ್ಕೂ ಬಿಗಿಯಾಗಿತ್ತು. ಸಡಿಲಿಸಿದ ಮೇಲೆ ಮೆಲುಪೆಟ್ಟಿನಲ್ಲೂ ಸಣ್ಣ ಸರಸರ ಸದ್ದು ಬರುತ್ತಿದೆ. ಇದೇ ಅಭ್ಯಾಸ, ಬೀಟನ್ನು ಮೂರಾಗಿ ಒಡೆದು ತೂಗುವ ಶಫಲ್‌ಗೂ ಸಾಕಾಗುತ್ತದೆಯೇ?

ಮೂರನೆಯ ಉತ್ತರ:
ಸಾಕಾಗುತ್ತದೆ, ಆದರೆ ‘ತಕಧಿಮಿ’ಯ ಬದಲು ‘ತಕಿಟ’ ಹಿಡಿಯಬೇಕು. ಅಮೆರಿಕದ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಹಾಫ್-ಟೈಮ್ ಶಫಲ್‌ನಲ್ಲಿ ‘ತ’ ಮತ್ತು ‘ಟ’ ಹೈ-ಹ್ಯಾಟಿಗೆ ಸೇರಿದರೆ, ನಡುವಿನ ‘ಕಿ’ ಎಡಗೈಯ ಘೋಸ್ಟ್ ನೋಟಿಗೆ ಸೇರುತ್ತದೆ, ಗಟ್ಟಿ ಪೆಟ್ಟು ಎರಡು-ನಾಲ್ಕರ ಬದಲು ಮೂರನೆಯ ಬೀಟಿನ ‘ತ’ದ ಮೇಲೆ ಬೀಳುತ್ತದೆ. ಅದರ ಬೆನ್ನಿಗೇ ಬರುವ ‘ಕಿ’ಯಲ್ಲಿ ಮೊದಲ ಉತ್ತರದವರು ಹೇಳಿದ ತಡೆಯೇ ಮತ್ತೆ ಬೇಕಾಗುತ್ತದೆ. ಮೊದಲು ಕಿಕ್ (ಕಾಲಿನಿಂದ ನುಡಿಸುವ ಡ್ರಮ್) ಇಲ್ಲದೆ ಎರಡೂ ಕೈಗಳನ್ನು ಮಾತ್ರ ಕೂಡಿಸಿ. ಮೂರನೆಯ ಬೀಟಿನ ‘ಕಿ’ ಉಳಿದ ‘ಕಿ’ಗಳಷ್ಟೇ ಮೆಲ್ಲಗೆ ಕೇಳಿಸುವವರೆಗೆ ವೇಗ ಹೆಚ್ಚಿಸಬೇಡಿ.