‘ಬೋರಲು’ ಅಂದರೆ ಸಾಕೇ? ಪ್ರೋನ್ ಪೊಸಿಷನ್‌ಗೆ ಕನ್ನಡ ಪದ ಬೇಕಿದೆ

ಗೆಳೆಯರೇ,

ಐಸಿಯು ಹೊರಗೆ ಕಾಯುವ ಮನೆಯವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಶ್ವಾಸಕೋಶ ದಿಢೀರನೆ ಕೆಟ್ಟು, ವೆಂಟಿಲೇಟರ್ ಹಾಕಿದರೂ ರಕ್ತಕ್ಕೆ ಆಕ್ಸಿಜನ್ ಸಾಲದೆ ಹೋದಾಗ ರೋಗಿಯನ್ನು ಹೊಟ್ಟೆ ಕೆಳಗಾಗಿ ಮಲಗಿಸುತ್ತಾರಲ್ಲ, ಅದಕ್ಕೆ ಏನೆನ್ನೋಣ? ಡಾಕ್ಟರು ‘ಪ್ರೋನ್ ಮಾಡಿದ್ದೇವೆ’ ಎಂದು ಹೇಳಿ ಹೋಗುತ್ತಾರೆ. ಗಾಬರಿಯಲ್ಲಿರುವವರಿಗೆ ಅದು ‘ಫೋನ್ ಮಾಡಿದ್ದೇವೆ’ ಎಂದು ಕೇಳಿಸಿದರೂ ಆಶ್ಚರ್ಯವಿಲ್ಲ.

ಮೊದಲು ಕೈಬಿಟ್ಟದ್ದು ‘ಮಕಾಡೆ’. ಮಾತಿನಲ್ಲಿ ಸಲೀಸು, ನಿಜ. ಆದರೆ ಸಿನಿಮಾ ಸೋತರೆ ‘ಮಕಾಡೆ ಮಲಗಿತು’ ಅನ್ನುತ್ತೇವೆ. ಒಳಗಿರುವ ಅಪ್ಪನ ಬಗ್ಗೆ ಹಾಗೆ ಓದಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ‘ಅಧೋಮುಖ’ವೂ ಬೇಡ. ಅದು ಭಾರದ ಪದ ಅನ್ನುವುದು ಇರಲಿ, ಅರ್ಥವೂ ಕೂಡುವುದಿಲ್ಲ. ಇಲ್ಲಿ ಮುಖ ಸಾಮಾನ್ಯವಾಗಿ ನೆಲ ನೋಡುವುದಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕೆನ್ನೆಯಡಿ ಮೆತ್ತೆ ಕೊಟ್ಟು, ಆಗಾಗ ಪಕ್ಕ ಬದಲಿಸುತ್ತಾರೆ. ಇಲ್ಲದಿದ್ದರೆ ಒತ್ತಿದ ಜಾಗ ಹುಣ್ಣಾಗುತ್ತದೆ.

ಉಳಿದದ್ದು ‘ಬೋರಲು’. ಇದೇ ಗೆದ್ದಿತು ಅಂದುಕೊಂಡೆ. ಕರಡು ಓದಿದ ಒಬ್ಬರು ಥಟ್ಟನೆ ಕೇಳಿದರು: ‘ಓ, ಒಳಗಿನ ನೀರು ಬಸಿದುಹೋಗಲಿ ಅಂತಾನಾ?’ ತಪ್ಪು ಅವರದಲ್ಲ, ಪದದ್ದು. ತೊಳೆದ ಪಾತ್ರೆ ಬೋರಲು ಹಾಕುವುದು ನೀರು ಸೋರಲಿ ಅಂತಲೇ. ಶ್ವಾಸಕೋಶದಲ್ಲಿ ನೀರು ತುಂಬಿರುವುದೂ ನಿಜ. ಆದರೆ ಉಪಾಯ ಬೇರೆ. ಅಂಗಾತ ಮಲಗಿದಾಗ ಹೃದಯದ ಭಾರ, ನೀರು ತುಂಬಿದ ಶ್ವಾಸಕೋಶದ ಸ್ವಂತ ಭಾರ, ಹೊಟ್ಟೆಯ ಒತ್ತಡ ಎಲ್ಲ ಬೆನ್ನಿನ ಕಡೆಯ ಭಾಗದ ಮೇಲೆ ಬೀಳುತ್ತದೆ. ಅಲ್ಲಿನ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ತಿರುಗಿಸಿ ಮಲಗಿಸಿದರೆ ಅವು ತೆರೆಯುತ್ತವೆ. ರಕ್ತ ಮಾತ್ರ ಆಗಲೂ ಜಾಸ್ತಿ ಬೆನ್ನಿನ ಕಡೆಗೇ ಹರಿಯುತ್ತಿರುತ್ತದೆ. ಗಾಳಿ ಬಂದ ಕಡೆ ರಕ್ತವೂ ಇತ್ತು, ಅಷ್ಟೇ ಗುಟ್ಟು.

ಇದು ಸುಮ್ನೆ ನಂಬಿಕೆಯಲ್ಲ. 2013ರಲ್ಲಿ ಪ್ರಕಟವಾದ ಪ್ರೊಸೀವಾ ಅನ್ನುವ ಅಧ್ಯಯನದಲ್ಲಿ ಇಂಥ 466 ರೋಗಿಗಳಿದ್ದರು. 28 ದಿನಗಳಲ್ಲಿ ಅಂಗಾತ ಮಲಗಿಸಿದವರಲ್ಲಿ ಶೇ 32.8ರಷ್ಟು ಜನ ತೀರಿಕೊಂಡರು. ಪ್ರತಿ ಸಲ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ ಶೇ 16.

‘ಕವುಚಿ’ ನನಗೆ ಹೆಚ್ಚು ಇಷ್ಟ. ಮಗು ಕವುಚಿಕೊಂಡಿತು ಅಂದಾಗ ಖುಷಿಯ ಚಿತ್ರ ಬರುತ್ತದೆ. ಆದರೆ ಮಗು ತಾನಾಗಿ ಕವುಚಿಕೊಳ್ಳುತ್ತದೆ. ಇಲ್ಲಿ ಒಬ್ಬರು ತಲೆ ಮತ್ತು ಬಾಯಿಯ ಟ್ಯೂಬ್ ಹಿಡಿದು ಎಣಿಸುತ್ತಾರೆ, ಉಳಿದ ಮೂರು ನಾಲ್ಕು ಜನ ಒಟ್ಟಿಗೆ ಹೊರಳಿಸುತ್ತಾರೆ. ‘ಕವುಚಿ ಮಲಗಿಸು’ ಅಂದರೆ ಆ ಜೋಪಾನ ಕಾಣುತ್ತದೆಯೇ? ‘ಕವುಚಿ ಹಾಕು’ ಅಂದುಬಿಟ್ಟರೆ ಮತ್ತೆ ಪಾತ್ರೆಯೇ. ‘ಮಗುಚು’ ಕೇಳಲೇಬೇಡಿ, ಅದು ದೋಣಿಯ ಗತಿ.

ಜೊತೆಗೆ ಇನ್ನೊಂದು ಗಂಟು. ಶ್ವಾಸಕೋಶ ಹೀಗೆ ಕೆಡುವ ಕಾಯಿಲೆಯ ಹೆಸರು ‘ಅಕ್ಯೂಟ್ ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್’, ಚಿಕ್ಕದಾಗಿ ಎಆರ್‌ಡಿಎಸ್. ಅದರಲ್ಲಿರುವ ‘ಅಕ್ಯೂಟ್’ಗೆ ಎಲ್ಲರೂ ‘ತೀವ್ರ’ ಬರೆಯುತ್ತಾರೆ. ಇಲ್ಲಿ ‘ಅಕ್ಯೂಟ್’ ಅಂದರೆ ದಿಢೀರನೆ ಬಂದದ್ದು ಅಂತ, ಜೋರಾದದ್ದು ಅಂತಲ್ಲ. ಎಷ್ಟು ಜೋರು ಅನ್ನುವುದಕ್ಕೆ ಬೇರೆಯೇ ಲೆಕ್ಕವಿದೆ: ಈ ಕಾಯಿಲೆಗೆ ವೈದ್ಯರು ಕೊಟ್ಟ 2012ರ ಬರ್ಲಿನ್ ವ್ಯಾಖ್ಯಾನ ಎಆರ್‌ಡಿಎಸ್ ಅನ್ನು ಹಗುರ, ಮಧ್ಯಮ, ತೀವ್ರ ಎಂದು ಮೂರು ಮಾಡಿತು. ನನ್ನ ಕರಡಿನಲ್ಲಿ ಈಗ ‘ತೀವ್ರ ತೀವ್ರ ಉಸಿರಾಟದ ತೊಂದರೆ’ ಅಂತ ಕೂತಿದೆ! ‘ದಿಢೀರ್’ ಹಾಕೋಣವೆಂದರೆ ತಿಂಡಿಯ ಪೊಟ್ಟಣದ ನೆನಪು. ‘ಹಠಾತ್’ ನಡೆದೀತೇ? ನಿಮ್ಮ ಕಡೆ ಬೋರಲು, ಕವುಚಿ ಬಿಟ್ಟು ಬೇರೆ ಮಾತಿದ್ದರೂ ತಿಳಿಸಿ.